ಮುಗಿಯದ ಆಟದಿಂದ ಎದ್ದು ಬರುವುದು



ವಿಡಿಯೊ ಆಟದ ಮಾತು ಬಂದರೆ ನಮಗೆ ಥಟ್ಟನೆ ನೆನಪಾಗುವವರು ಮಕ್ಕಳು. ಮಕ್ಕಳು ಮೊಬೈಲ್ ಕೆಳಗಿಡುವುದಿಲ್ಲ, ಓದುವುದಿಲ್ಲ, ಊಟಕ್ಕೆ ಕರೆದರೆ ಬರುವುದಿಲ್ಲ ಎಂಬ ದೂರು ಕಾಸರಗೋಡಿನಿಂದ ಸೊಲ್ಲಾಪುರದವರೆಗೆ, ಯಾವ ಭಾಷೆಯ ಮನೆಗೆ ಹೋದರೂ ಒಂದೇ. ಇವತ್ತಿನ ಮಾತು ಮಕ್ಕಳ ಕುರಿತದ್ದಲ್ಲ. ಮಕ್ಕಳನ್ನು ಗದರಿಸಿ ಮಲಗಿಸಿದ ಮೇಲೆ, ತಾನು ಗೋಡೆಗೆ ಒರಗಿ ಅದೇ ಮೊಬೈಲನ್ನು ಕೈಗೆತ್ತಿಕೊಳ್ಳುವ ದೊಡ್ಡವರ ಕುರಿತದ್ದು. ಇಪ್ಪತ್ತೈದು ದಾಟಿದವರು, ನಲವತ್ತರ ಹತ್ತಿರ ಬಂದವರು, ದುಡಿಯುವವರು, ಮನೆ ನಡೆಸುವವರು. ಇವರಲ್ಲಿ ಕೆಲವರಿಗೆ ಒಂದು ದಿನ 'ಇನ್ನು ಸಾಕು' ಅನ್ನಿಸುತ್ತದೆ. ಹಾಗೆ ಅನ್ನಿಸಿದ ಮೇಲೂ ಎದ್ದು ಬರುವುದು ಏಕೆ ಕಷ್ಟ, ಬರುವ ದಾರಿ ಯಾವುದು ಎಂಬುದನ್ನು ಇಂದು ನೋಡೋಣ.

ದೊಡ್ಡವರು ಆಡುತ್ತಾರೆಯೇ ಎಂದು ಹುಬ್ಬೇರಿಸಬೇಕಾಗಿಲ್ಲ. ವಿಡಿಯೊ ಆಟಕ್ಕೆ ಈಗ ಅರ್ಧ ಶತಮಾನ ದಾಟಿದೆ. ಚೆಂಡನ್ನು ಆಚೆ ಈಚೆ ತಳ್ಳುವ 'ಪಾಂಗ್' ಎಂಬ ಆಟ ಅಮೆರಿಕದಲ್ಲಿ ಬಂದದ್ದು 1972ರಲ್ಲಿ. ಬೀಳುವ ತುಂಡುಗಳನ್ನು ಜೋಡಿಸುವ 'ಟೆಟ್ರಿಸ್' ಆಟವನ್ನು ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಎಂಬವರು ರಚಿಸಿದ್ದು 1984ರಲ್ಲಿ. ಅದೇ ತುಂಡುಗಳ ಆಟ ಅಂಗೈಯಗಲದ ಡಬ್ಬಿಯಾಗಿ 1990ರ ದಶಕದಲ್ಲಿ ನಮ್ಮ ಜಾತ್ರೆಯ ಅಂಗಡಿಗಳಿಗೂ ಬಂತು. 1997ರಲ್ಲಿ ನೋಕಿಯಾ ಮೊಬೈಲಿನೊಳಗೆ ಹಾವಿನ ಆಟ ಸೇರಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಶುರುವಾಗಿ ಇಂಟರ್‌ನೆಟ್ ಅಗ್ಗವಾಯಿತು. 2018ರಲ್ಲಿ 'ಪಬ್ಜಿ' ಮೊಬೈಲಿಗೆ ಇಳಿಯಿತು. ಆ ಡಬ್ಬಿ ಹಿಡಿದು ಆಡಿದ ಹುಡುಗ ಹುಡುಗಿಯರೇ ಇವತ್ತಿನ ಗೃಹಸ್ಥರು. ಆಟ ಅವರ ಜೊತೆಗೇ ಬೆಳೆಯಿತು.

ಆಟ ಕೆಟ್ಟದ್ದು ಎಂದು ಹೇಳುವುದು ಈ ಮಾತಿನ ಉದ್ದೇಶವಲ್ಲ. ನಮ್ಮ ಹಿರಿಯರೂ ಆಡಿದವರೇ. ಜಗಲಿಯ ಮೇಲೆ ಗೆರೆ ಕೊರೆದ ಚೌಕಾಬಾರ ಇನ್ನೂ ಎಷ್ಟೋ ಮನೆಗಳಲ್ಲಿ ಉಳಿದಿದೆ. ನಾವು ಹುಲಿ-ಕುರಿ ಎನ್ನುವ ಆಟವನ್ನು ತಾಳವಾಡಿ, ಹೊಸೂರು ಕಡೆಯ ತಮಿಳು ನೆರೆಯವರು ಆಡು-ಪುಲಿ ಆಟ್ಟಂ ಎನ್ನುತ್ತಾರೆ. ರಾಯದುರ್ಗ, ಮಡಕಶಿರದ ತೆಲುಗು ನೆರೆಯವರು ಪುಲಿ-ಮೇಕ ಎನ್ನುತ್ತಾರೆ. ಕಾಸರಗೋಡಿನ ಮನೆಗಳಲ್ಲಿ ಹದಿನಾಲ್ಕು ಗುಳಿಯ ಚೆನ್ನೆಮಣೆ ಆಟಿ ತಿಂಗಳ ಬಿರುಮಳೆಗೆ ಅಟ್ಟದಿಂದ ಇಳಿಯುತ್ತಿತ್ತು. ಮಳೆ ಹೊಳವಾಗಿ ಕೆಲಸ ಶುರುವಾದರೆ ಮತ್ತೆ ಅಟ್ಟ ಸೇರುತ್ತಿತ್ತು.

ಈ ಆಟಗಳಿಗೆಲ್ಲ ಒಂದು ಸಾಮಾನ್ಯ ಗುಣವಿತ್ತು. ಅವು ಮುಗಿಯುತ್ತಿದ್ದವು. ಕಾಯಿಗಳು ಹಣ್ಣಾದರೆ ಚೌಕಾಬಾರ ಮುಗಿಯಿತು. ಹುಲಿ ಕಟ್ಟಿಬಿದ್ದರೆ ಆಟ ಮುಗಿಯಿತು. ಮುಗಿಯದಿದ್ದರೂ ಎದುರು ಕುಳಿತವನಿಗೆ ಹಸಿವಾಗುತ್ತಿತ್ತು, ದನ ಕರೆಯುವ ಹೊತ್ತಾಗುತ್ತಿತ್ತು, ದೀಪದ ಎಣ್ಣೆ ತೀರುತ್ತಿತ್ತು. ಆಟವನ್ನು ನಿಲ್ಲಿಸುವ ಕೆಲಸವನ್ನು ಆಡುವವನೊಬ್ಬನೇ ಮಾಡಬೇಕಾಗಿರಲಿಲ್ಲ. ಹೊತ್ತು, ಹೊಟ್ಟೆ, ನೆರೆಯವರು, ಮಳೆ ಎಲ್ಲ ಸೇರಿ ಮಾಡುತ್ತಿದ್ದವು.

ಮೊಬೈಲಿನ ಆಟಕ್ಕೆ ಈ ಕೊನೆ ಇಲ್ಲ. ಒಂದು ಸುತ್ತು ಮುಗಿಯುತ್ತದೆ, ನಿಜ. ಮುಂದಿನ ಸುತ್ತಿಗೆ ಒಂದು ಬೆರಳು ಒತ್ತಿದರೆ ಸಾಕು. ಎದುರಾಳಿಗೆ ನಿದ್ದೆ ಬಂದರೆ ಇನ್ನೊಬ್ಬ ಎದುರಾಳಿ ಕ್ಷಣದಲ್ಲಿ ಸಿಗುತ್ತಾನೆ. ಅವನು ಯಾವ ಊರಿನವನೋ, ಯಾವ ದೇಶದವನೋ. ರಾತ್ರಿ ಎರಡು ಗಂಟೆಗೂ ಕಣ ತುಂಬಿಯೇ ಇರುತ್ತದೆ. ಹೊರಗಿನಿಂದ ಯಾರೂ ನಿಲ್ಲಿಸದ ಆಟವನ್ನು ಒಳಗಿನಿಂದ ತಾನೇ ನಿಲ್ಲಿಸಬೇಕು. ಎದ್ದು ಬರುವ ಕಷ್ಟದ ಮೊದಲ ಗುಟ್ಟು ಇದು.

ಎರಡನೆಯ ಗುಟ್ಟು ಆಟದ ಕಟ್ಟೋಣದಲ್ಲಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಅನೇಕ ಪ್ರಯೋಗ ಮಾಡಿದರು. ಫರ್ಸ್ಟರ್ ಅವರೊಡನೆ ಬರೆದ ಅವರ ದೊಡ್ಡ ಗ್ರಂಥ 1957ರಲ್ಲಿ ಪ್ರಕಟವಾಯಿತು. ಪಾರಿವಾಳ ಒಂದು ಗುಂಡಿಯನ್ನು ಕುಕ್ಕಿದರೆ ಕಾಳು ಸಿಗುತ್ತದೆ. ಕಾಳು ಎಷ್ಟನೆಯ ಕುಕ್ಕಿಗೆ ಸಿಗುತ್ತದೆ ಎಂಬುದು ಗೊತ್ತಿಲ್ಲದಂತೆ ಮಾಡಿದರೆ ಹಕ್ಕಿ ಬಿಡದೆ ಕುಕ್ಕುತ್ತದೆ. ಕಾಳು ಕೊಡುವುದನ್ನೇ ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಕೆರೆಯ ಏರಿಯ ಮೇಲೆ ಗಾಳ ಹಾಕಿ ಕುಳಿತವರನ್ನು ನೋಡಿದ್ದೀರಲ್ಲ? ಎಸೆದಾಗಲೆಲ್ಲ ಮೀನು ಸಿಕ್ಕಿದ್ದರೆ ಬುಟ್ಟಿ ತುಂಬಿಸಿಕೊಂಡು ಅರ್ಧ ಗಂಟೆಯಲ್ಲಿ ಮನೆಗೆ ಹೋಗುತ್ತಿದ್ದರು. ಯಾವಾಗಲೋ ಒಂದು ಸಿಗುವುದರಿಂದಲೇ ಕತ್ತಲಾಗುವವರೆಗೆ ಕೂರುತ್ತಾರೆ.

ಮೊಬೈಲ್ ಆಟಗಳಲ್ಲಿ ಈ ಕಾಳು ನಾನಾ ರೂಪದಲ್ಲಿದೆ. ಪೆಟ್ಟಿಗೆ ತೆರೆದರೆ ಒಮ್ಮೆ ಚಿನ್ನದ ಬಂದೂಕು, ಹತ್ತು ಸಲ ಏನೂ ಇಲ್ಲ. ಸತತ ಏಳು ದಿನ ಬಂದರೆ ಉಡುಗೊರೆ. ಒಂದು ದಿನ ತಪ್ಪಿದರೆ ಮತ್ತೆ ಮೊದಲಿಂದ. 2012ರಲ್ಲಿ ಬಂದ 'ಕ್ಯಾಂಡಿ ಕ್ರಷ್ ಸಾಗಾ' ಆಟದಲ್ಲಿ ಐದು ಜೀವ ಕೊಡುತ್ತಾರೆ. ಕಳೆದುಕೊಂಡ ಒಂದೊಂದು ಜೀವ ಮರಳಲು ಅರ್ಧ ಗಂಟೆ ಕಾಯಬೇಕು. ಕಾಯುವವರ ಮನಸ್ಸು ಒಲೆಯ ಮುಂದಿದ್ದರೂ ಆಟದಲ್ಲಿರುತ್ತದೆ. ಇನ್ನೇನು ಗೆದ್ದೆ ಎನ್ನುವಷ್ಟರಲ್ಲಿ ಸೋಲು ಬರುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂಬ ಚಡಪಡಿಕೆಯೇ ಮುಂದಿನ ಸುತ್ತಿಗೆ ಎಳೆಯುತ್ತದೆ. ಇಂಥ ಆಟಗಳಲ್ಲಿ ಹೆಚ್ಚಿನವು ಪುಕ್ಕಟೆ. ಆಡುವವರಲ್ಲಿ ಬಹುಪಾಲು ಜನ ಒಂದು ಕಾಸೂ ಕೊಡುವುದಿಲ್ಲ. ಕೊಡುವ ಕೆಲವರಿಂದ ಮತ್ತು ಜಾಹೀರಾತಿನಿಂದ ಸಂಪಾದನೆ ನಡೆಯುವುದರಿಂದ, ಎಲ್ಲರನ್ನೂ ಆದಷ್ಟು ಹೊತ್ತು ಕೂರಿಸುವುದೇ ತಯಾರಕರ ಲಾಭ.

ಆಡುವಾಗ ಮೆದುಳಿನಲ್ಲಿ ಏನಾಗುತ್ತದೆ ಎಂಬುದನ್ನೂ ವಿಜ್ಞಾನಿಗಳು ನೋಡಿದ್ದಾರೆ. 1998ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ತಂಡ ಎಂಟು ಮಂದಿ ಗಂಡಸರಿಗೆ ಟ್ಯಾಂಕ್ ಓಡಿಸುವ ವಿಡಿಯೊ ಆಟ ಆಡಿಸಿ, ಅವರ ಮೆದುಳಿನ ಚಿತ್ರ ತೆಗೆದು, ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದನ್ನು ತೋರಿಸಿತು. 'ನೇಚರ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಡೋಪಮೈನ್ ವಿಷವೇನೂ ಅಲ್ಲ. ಹಸಿದವನು ಉಣ್ಣುವಾಗಲೂ ಅದು ಕೆಲಸ ಮಾಡುತ್ತದೆ. 'ಇದು ಬೇಕಾದದ್ದು, ಮತ್ತೆ ಮಾಡು' ಎಂದು ಮೆದುಳು ಗುರುತು ಹಾಕಿಕೊಳ್ಳುವ ಬಗೆ ಅದು. ಗುರುತು ಸಾವಿರ ಸಲ ಬಿದ್ದ ಮೇಲೆ ಕೈ ತಾನಾಗಿ ಮೊಬೈಲಿನ ಕಡೆ ಹೋಗುತ್ತದೆ.

ಹೀಗೆಂದು ಆಡುವವರನ್ನು ಮಂಕುಬೂದಿ ಎರಚಿಸಿಕೊಂಡವರು ಎಂದು ತಿಳಿಯಬಾರದು. ಆಟ ಅವರಿಗೆ ನಿಜವಾಗಿಯೂ ಏನನ್ನೋ ಕೊಡುತ್ತಿರುತ್ತದೆ. ರಯಾನ್, ರಿಗ್ಬಿ ಮತ್ತು ಪ್ರಿಬಿಲ್ಸ್ಕಿ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಟದ ಸೆಳೆತಕ್ಕೆ ಮನುಷ್ಯನ ಮೂರು ಹಸಿವುಗಳ ನಂಟಿದೆ. ತನಗೆ ಕೆಲಸ ಬರುತ್ತದೆ ಎಂಬ ಸಮಾಧಾನ ಒಂದು. ತನ್ನ ಇಷ್ಟದಂತೆ ನಡೆಯುತ್ತೇನೆ ಎಂಬ ಸ್ವಾತಂತ್ರ್ಯ ಎರಡು. ತನ್ನವರು ಎನ್ನುವ ಜನ ಇದ್ದಾರೆ ಎಂಬ ಆಸರೆ ಮೂರು.

ಹೊಸೂರಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುವ ಒಬ್ಬರನ್ನು ಕಲ್ಪಿಸಿಕೊಳ್ಳಿ. ಹಗಲೆಲ್ಲ ಮೇಲಿನವರು ಹೇಳಿದಂತೆ ನಡೆಯಬೇಕು. ಎಷ್ಟು ಚೆನ್ನಾಗಿ ಮಾಡಿದರೂ ಭೇಷ್ ಎನ್ನುವವರಿಲ್ಲ. ಬಾಡಿಗೆ ಕೋಣೆಯಲ್ಲಿ ಮಾತಿಗೆ ಜನವಿಲ್ಲ. ರಾತ್ರಿ ಆಟ ತೆರೆದರೆ ಅವರು ತಂಡದ ನಾಯಕ; ನಾಲ್ವರು ಅವರ ಮಾತಿಗೆ ಕಾಯುತ್ತಾರೆ; ಗುರಿ ಹಿಡಿದಷ್ಟಕ್ಕೂ ಅಂಕ ಸಿಗುತ್ತದೆ. ಮಗುವನ್ನು ಮಲಗಿಸಿ, ಪಾತ್ರೆ ತೊಳೆದು, ದಿನದಲ್ಲಿ ಮೊದಲ ಬಾರಿಗೆ ತನ್ನದೆನ್ನುವ ಅರ್ಧ ಗಂಟೆ ಸಿಕ್ಕಿದ ಗೃಹಿಣಿಗೆ ಬಣ್ಣದ ಮಿಠಾಯಿಗಳನ್ನು ಜೋಡಿಸುವ ಆಟ ಕೊಡುವ ನೆಮ್ಮದಿಯೂ ಹಾಗೆಯೇ. ಇದನ್ನು ತಿಳಿಯದೆ 'ಬಿಟ್ಟುಬಿಡು' ಎಂದರೆ ಆ ಮಾತು ನಾಟುವುದಿಲ್ಲ. ಬಿಡುವವರೂ ಇದನ್ನು ತಿಳಿಯದೆ ಬಿಟ್ಟರೆ, ತೆರವಾದ ಜಾಗ ಹಾಗೇ ಉಳಿದು, ಹಳೆಯದೇ ಮರಳಿ ಬಂದು ಕೂರುತ್ತದೆ.

ಹಾಗಾದರೆ ಆಟ ಯಾವಾಗ ತೊಂದರೆಯಾಗುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಗೆ 2019ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು. 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅದರಲ್ಲಿ ಆಟದ ವ್ಯಸನವನ್ನೂ ಒಂದು ಕಾಯಿಲೆಯಾಗಿ ಸೇರಿಸಲಾಗಿದೆ. ಗುರುತು ಮೂರು. ಆಟ ಯಾವಾಗ ಶುರು, ಎಷ್ಟು ಹೊತ್ತು, ಯಾವಾಗ ಮುಕ್ತಾಯ ಎಂಬುದು ಕೈಮೀರುವುದು. ಬದುಕಿನ ಉಳಿದ ಕೆಲಸ, ಸಂತೋಷಗಳಿಗಿಂತ ಆಟವೇ ಮುಂದಾಗುವುದು. ಹಾನಿ ಕಣ್ಣಿಗೆ ಕಂಡರೂ ಆಟ ಮುಂದುವರಿಯುವುದು, ಇಲ್ಲವೆ ಇನ್ನೂ ಹೆಚ್ಚುವುದು. ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳಷ್ಟು ಕಾಲ ಕಾಣಿಸಿಕೊಂಡು, ಮನೆ, ಓದು, ಕೆಲಸಗಳು ಸ್ಪಷ್ಟವಾಗಿ ಕೆಟ್ಟಿರಬೇಕು. ಆಡುವವರಲ್ಲಿ ಅಲ್ಪ ಪಾಲಿನ ಜನರಿಗೆ ಮಾತ್ರ ಇದು ಅನ್ವಯಿಸುತ್ತದೆ ಎಂದೂ ಆ ಸಂಸ್ಥೆ ಹೇಳಿದೆ.

ಎರಡು ಭಾಷೆಯ ನಡುವೆ ಬಾಳುವ ನಮಗೆ 'ವ್ಯಸನ' ಎಂಬ ಪದವೇ ಒಂದು ಪಾಠ ಹೇಳುತ್ತದೆ. ಅಕ್ಕಲಕೋಟೆ, ಜತ್ತ ಕಡೆಯ ಮರಾಠಿಯಲ್ಲೂ, ಆದೋನಿ ಕಡೆಯ ತೆಲುಗಿನಲ್ಲೂ ವ್ಯಸನವೆಂದರೆ ಚಟ. ಕಾಸರಗೋಡು, ವಯನಾಡಿನ ಮಲಯಾಳದಲ್ಲಿ ವ್ಯಸನವೆಂದರೆ ದುಃಖ. ಕನ್ನಡದಲ್ಲಿ ಎರಡು ಅರ್ಥವೂ ಉಳಿದಿವೆ. ಚಟ ಯಾವುದು ಎಂದು ಹುಡುಕುವಾಗ ಅದರ ಬೆನ್ನಿಗಿರುವ ದುಃಖ ಯಾವುದು ಎಂದೂ ಕೇಳಬೇಕು ಎಂಬುದಕ್ಕೆ ಈ ಒಂದು ಪದವೇ ಸಾಕ್ಷಿ.

ಆದರೆ ಬಿಡಲು ಕಾಯಿಲೆಯೇ ಆಗಿರಬೇಕೆಂದಿಲ್ಲ. ಕಾಯಿಲೆ ಅಲ್ಲದೆಯೂ ಒಬ್ಬರಿಗೆ 'ಈ ಹೊತ್ತು ಬೇರೆಯದಕ್ಕೆ ಬೇಕು' ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ದಿನಕ್ಕೆ ಎರಡು ಗಂಟೆ ಎಂದರೆ ವರ್ಷಕ್ಕೆ 730 ಗಂಟೆ. ಎಂಟು ಗಂಟೆಯ ಕೆಲಸದ ದಿನಗಳಾಗಿ ಎಣಿಸಿದರೆ 91 ದಿನ, ಅಂದರೆ ಮೂರು ತಿಂಗಳ ದುಡಿಮೆ. 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂಬ ಗಾದೆಯಿದೆಯಲ್ಲ, ಈ ಗಂಟೆಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಆದ್ದರಿಂದ ಮೊದಲ ಕೆಲಸ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಆಂಡ್ರಾಯ್ಡ್ ಮೊಬೈಲುಗಳ ಸೆಟ್ಟಿಂಗ್ಸ್‌ನಲ್ಲಿ 'ಡಿಜಿಟಲ್ ವೆಲ್‌ಬೀಯಿಂಗ್' ಎಂಬಲ್ಲಿ, ಐಫೋನಿನಲ್ಲಾದರೆ 'ಸ್ಕ್ರೀನ್ ಟೈಮ್' ಎಂಬಲ್ಲಿ, ಯಾವ ಆಟಕ್ಕೆ ದಿನಕ್ಕೆ ಎಷ್ಟು ನಿಮಿಷ ಹೋಯಿತು ಎಂಬುದು ಸಿಗುತ್ತದೆ. ಒಂದು ವಾರ ಅದನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಿ. ಪಕ್ಕದಲ್ಲಿ ನಿದ್ದೆಯ ಗಂಟೆಯನ್ನೂ ಬರೆಯಿರಿ. ಆ ವಾರ ಆಟವನ್ನು ಬಿಡಬೇಕಾಗಿಲ್ಲ, ನೋಡಿದರೆ ಸಾಕು.

ಲೆಕ್ಕ ಕಂಡ ಮೇಲೂ ಮನಸ್ಸು ಒಂದು ತಕರಾರು ಎತ್ತುತ್ತದೆ. ನಾಲ್ಕು ವರ್ಷ ಆಡಿ ಗಳಿಸಿದ ದರ್ಜೆ, ಕೊಂಡ ವೇಷಭೂಷಣ, ಸಂಪಾದಿಸಿದ ಹೆಸರು ಎಲ್ಲ ಹಾಳಾಗುತ್ತದಲ್ಲ ಎಂದು. ಮಡಕಶಿರ, ರಾಯದುರ್ಗದ ಒಣಭೂಮಿಯ ರೈತರಿಗೆ ಈ ತಕರಾರಿನ ಬೆಲೆ ಚೆನ್ನಾಗಿ ಗೊತ್ತು. ಆರುನೂರು ಅಡಿ ಕೊರೆದರೂ ನೀರು ಬರದ ಕೊಳವೆಬಾವಿಯನ್ನು, ಇಷ್ಟು ದುಡ್ಡು ಹಾಕಿಯಾಯಿತಲ್ಲ ಎಂಬ ಒಂದೇ ಕಾರಣಕ್ಕೆ ಇನ್ನೂರು ಅಡಿ ಮುಂದಕ್ಕೆ ಕೊರೆಸಿ ಸಾಲ ಹೆಚ್ಚಿಸಿಕೊಂಡವರು ಎಷ್ಟು ಮಂದಿ! ಹೋದ ದುಡ್ಡು ಹೋಯಿತು. ಮುಂದೆ ನೀರು ಬರುತ್ತದೆಯೇ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ. ಆಟದಲ್ಲಿ ಕಳೆದ ನಾಲ್ಕು ವರ್ಷಕ್ಕೂ ಇದೇ ಮಾತು. ಆಗ ಸಂತೋಷ ಕೊಟ್ಟಿದ್ದರೆ ಅದು ವ್ಯರ್ಥವೂ ಅಲ್ಲ. ಐದನೆಯ ವರ್ಷ ಕೊಡಬೇಕೆ ಎಂಬುದು ಬೇರೆಯೇ ಪ್ರಶ್ನೆ.

ಹೊರಗಿನಿಂದ ಬಂದ ತಡೆಗೂ ಒಳಗಿನಿಂದ ಬಂದ ತೀರ್ಮಾನಕ್ಕೂ ವ್ಯತ್ಯಾಸವಿದೆ. ನಮ್ಮ ದೇಶದಲ್ಲಿ ಪಬ್ಜಿ ಆಟವನ್ನು 2020ರ ಸೆಪ್ಟೆಂಬರ್ 2ರಂದು ಸರ್ಕಾರ ನಿಷೇಧಿಸಿತು. ಆಡುತ್ತಿದ್ದ ಅನೇಕರು ಬೇರೆ ಆಟಗಳ ಕಡೆ ಹೊರಳಿದರು. 2021ರ ಜುಲೈಯಲ್ಲಿ ಅದೇ ಬಗೆಯ ಆಟ ಹೊಸ ಹೆಸರಿನಿಂದ ಬಂತು, 2022ರ ಜುಲೈಯಲ್ಲಿ ಮರೆಯಾಯಿತು, 2023ರ ಮೇಯಲ್ಲಿ ಮತ್ತೆ ಬಂತು. ಇನ್ನೊಂದು ಉದಾಹರಣೆ ವಿಯೆಟ್ನಾಮಿನದು. ಅಲ್ಲಿನ ಡಾಂಗ್ ನುಯೆನ್ ಎಂಬ ಯುವಕ 2013ರಲ್ಲಿ 'ಫ್ಲ್ಯಾಪಿ ಬರ್ಡ್' ಎಂಬ ಪುಟ್ಟ ಆಟ ಮಾಡಿದರು. 2014ರ ಆರಂಭದಲ್ಲಿ ಅದು ಜಗತ್ತಿನಾದ್ಯಂತ ಹಬ್ಬಿತು. ಜನ ಅದಕ್ಕೆ ಅಂಟಿಕೊಂಡದ್ದನ್ನು ಕಂಡು, ಕೈತುಂಬ ಹಣ ಬರುತ್ತಿದ್ದಾಗಲೇ, ಆ ವರ್ಷದ ಫೆಬ್ರವರಿಯಲ್ಲಿ ಅವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ನಿಷೇಧಿಸಿದ ಆಟ ಮರಳಿ ಬಂತು; ಮಾಡಿದವರೇ ಸಾಕೆಂದು ತೆಗೆದ ಆಟಕ್ಕೆ ಜನ ಬೇರೆ ಆಟ ಹುಡುಕಿಕೊಂಡರು. ಯಾರು ಬಾಗಿಲು ಹಾಕಿದರೂ ಆಡುವವರ ಮನಸ್ಸಿನ ತೀರ್ಮಾನವನ್ನು ಅವರ ಪರವಾಗಿ ಇನ್ನೊಬ್ಬರು ಮಾಡಲಾರರು.

ಇನ್ನು, ಕಡಿಮೆ ಮಾಡುವುದೇ, ಪೂರ್ತಿ ಬಿಡುವುದೇ? ಇದಕ್ಕೆ ಒಂದು ಸರಳ ಪರೀಕ್ಷೆ ಇದೆ. ಇವತ್ತು ಎರಡೇ ಸುತ್ತು ಎಂದು ಮೊದಲೇ ಗಟ್ಟಿಯಾಗಿ ಹೇಳಿ ಕುಳಿತುಕೊಳ್ಳಿ. ಎರಡು ಮುಗಿದ ಕೂಡಲೇ ಏಳಲು ಸಾಧ್ಯವಾಯಿತೇ ನೋಡಿ. ಒಂದು ವಾರ ಹೀಗೆ ನಡೆದರೆ, ಮಿತಿ ಹಾಕಿಕೊಂಡು ಆಡುವುದು ನಿಮಗೆ ಒಗ್ಗುತ್ತದೆ. ದಿನ ಬಿಟ್ಟು ದಿನ 'ಇದೊಂದು ಆಟ ಮುಗಿಸಿ ಬರ್ತೀನಿ' ಎನ್ನುವಂತಾದರೆ, ಪೂರ್ತಿ ಬಿಡುವುದೇ ಸುಲಭ. ದಿನಕ್ಕೆ ಹತ್ತು ಸಲ ಮನಸ್ಸಿನ ಜೊತೆ ಚೌಕಾಸಿ ಮಾಡುವುದಕ್ಕಿಂತ ಒಂದು ಸಲ ಇಲ್ಲ ಎನ್ನುವುದು ಕಡಿಮೆ ಆಯಾಸ.

ಬಿಡುವ ದಿನವನ್ನು ಗೊತ್ತುಮಾಡಿಕೊಳ್ಳಿ. ಆಟದ ಜೊತೆಗಾರರಿಗೆ ಹೇಳಿಯೇ ಹೊರಡಿ. ಅವರಲ್ಲಿ ಕೆಲವರು ನಿಜವಾದ ಸ್ನೇಹಿತರು. ಬೇಕಾದವರ ಫೋನ್ ನಂಬರು ಪಡೆದುಕೊಂಡರೆ ಸ್ನೇಹ ಆಟದ ಹೊರಗೂ ಉಳಿಯುತ್ತದೆ. ಬಳಿಕ ಆಟವನ್ನು ಮೊಬೈಲಿನಿಂದ ತೆಗೆಯಿರಿ. ಒಂದು ವಿಷಯ ನೆನಪಿರಲಿ: ಮೊಬೈಲಿನಿಂದ ಆಟ ತೆಗೆದ ಮಾತ್ರಕ್ಕೆ ಖಾತೆ ಅಳಿಯುವುದಿಲ್ಲ, ತಿಂಗಳು ತಿಂಗಳು ಕಟ್ಟುವ ಚಂದಾ ಇದ್ದರೆ ಅದೂ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನ ಚಂದಾ ಪಟ್ಟಿಯನ್ನು, ಯುಪಿಐ ಆ್ಯಪಿನಲ್ಲಿ ತಾನಾಗಿ ಹಣ ಕಡಿತವಾಗುವ 'ಆಟೊಪೇ' ಪಟ್ಟಿಯನ್ನು ನೋಡಿ ರದ್ದು ಮಾಡಬೇಕು. ಖಾತೆಯನ್ನೂ ಅಳಿಸಿದರೆ ಮರಳುವ ದಾರಿ ಇನ್ನೂ ದೂರವಾಗುತ್ತದೆ. ನಮ್ಮ ಕಡೆ ಯಾರ ಮನೆಯಿಂದ ಹೊರಟರೂ 'ಹೋಗಿ ಬರ್ತೀನಿ' ಎನ್ನುವುದು ರೂಢಿ. ಈ ಒಂದು ಕಡೆ ಆ ರೂಢಿಯನ್ನು ಮುರಿದು 'ಹೋಗ್ತೀನಿ' ಎಂದಷ್ಟೇ ಹೇಳಿದರೆ ತಪ್ಪಿಲ್ಲ.

ಮೊದಲ ಒಂದೆರಡು ವಾರ ಕಿರಿಕಿರಿ, ಬೇಸರ, ನಿದ್ದೆಯ ಏರುಪೇರು ಇರಬಹುದು. ಹೊತ್ತೇ ಹೋಗುವುದಿಲ್ಲ ಅನ್ನಿಸುತ್ತದೆ. ಚಟಗಳ ಬಗ್ಗೆ ದುಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಅವರು ಸೆಳೆತವನ್ನು ಸಮುದ್ರದ ಅಲೆಗೆ ಹೋಲಿಸಿದರು. ಅಲೆ ಏರುತ್ತದೆ, ತುದಿ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ. ಅದರೊಡನೆ ಗುದ್ದಾಡದೆ, ಇದು ಸೆಳೆತ, ಇಳಿಯುತ್ತದೆ ಎಂದು ತಿಳಿದು ಇಳಿಯುವವರೆಗೆ ಕಾಯಬೇಕು. ಕಡಲ ಕರೆಯ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಯುವಾಗ ಕೈಗೆ ಕೆಲಸ ಬೇಕು. ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಬರೆದ ಲೇಖನದಲ್ಲಿ ತೋರಿಸಿದಂತೆ, 'ನಾನು ಬಿಡುತ್ತೇನೆ' ಎಂಬ ಬರಿಯ ಸಂಕಲ್ಪಕ್ಕಿಂತ 'ಇಂಥ ಹೊತ್ತು ಬಂದರೆ ಇಂಥದ್ದು ಮಾಡುತ್ತೇನೆ' ಎಂಬ ಸಂಕಲ್ಪ ಗಟ್ಟಿ. ರಾತ್ರಿ ಊಟವಾಗಿ ಕೈ ತೊಳೆದ ಕೂಡಲೇ ಮೊಬೈಲನ್ನು ಅಡುಗೆಮನೆಯ ಗೂಡಿನಲ್ಲಿ ಚಾರ್ಜಿಗೆ ಹಾಕಿ, ಬೀದಿಯ ಕೊನೆಯವರೆಗೆ ನಡೆದು ಬರುತ್ತೇನೆ. ಬಸ್ಸಿಗೆ ಕಾಯುವಾಗ ಅಕ್ಕನಿಗೆ ಫೋನ್ ಮಾಡುತ್ತೇನೆ. ಹೀಗೆ ಹೊತ್ತು, ಜಾಗ, ಕೆಲಸ ಮೂರೂ ಗೊತ್ತಾಗಿರಬೇಕು.

ಹಾಗೆಯೇ ಮೊದಲು ಹೇಳಿದ ಮೂರು ಹಸಿವುಗಳಿಗೂ ಬೇರೆ ಊಟ ಹುಡುಕಬೇಕು. ಕೈಗುಣದ ಹಸಿವಿಗೆ ಮೋಟಾರು ರಿಪೇರಿಯೋ, ಹೊಲಿಗೆಯೋ, ಚೆಂಡೆ-ಮದ್ದಳೆಯೋ, ದಿನದಿನವೂ ಸ್ವಲ್ಪ ಮುಂದುವರಿದದ್ದು ಕಾಣಿಸುವ ಕಲಿಕೆ ಆಗಬಹುದು. ಜೊತೆಯ ಹಸಿವಿಗೆ ಸಂಜೆಯ ವಾಲಿಬಾಲ್, ಭಜನೆ, ಡೊಳ್ಳು, ವಾಚನಾಲಯ ಏನಾದರೂ ಆಗಬಹುದು. ಎದುರಿಗೆ ಮನುಷ್ಯ ಕುಳಿತ ಕೇರಂ, ಚದುರಂಗ, ಚೌಕಾಬಾರ ಆಡಿದರೂ ಆದೀತು. ಅವು ಮುಗಿಯುವ ಆಟಗಳು.

ಎಷ್ಟು ದಿನದಲ್ಲಿ ಹೊಸ ರೂಢಿ ನೆಲೆಯೂರುತ್ತದೆ? ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿ 2010ರಲ್ಲಿ ಮುದ್ರಿಸಿದ ಅಧ್ಯಯನದಲ್ಲಿ, ಒಂದು ಹೊಸ ಅಭ್ಯಾಸ ತಾನಾಗಿ ನಡೆಯುವಷ್ಟು ಬೇರೂರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕೆಂಬ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ನಷ್ಟವಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು. ಹಬ್ಬದ ದಿನ ಭಾವಮೈದುನನ ಮೊಬೈಲಿನಲ್ಲಿ ಒಂದು ಸುತ್ತು ಆಡಿಬಿಟ್ಟಿರಿ ಎನ್ನೋಣ. 'ಕೆಟ್ಟಿತು, ಇನ್ನೇನು' ಎಂದು ಕೈಚೆಲ್ಲಿದರೆ ಆ ಮಾತೇ ಕೆಡಿಸುತ್ತದೆ. ಎಡವಿದವರು ಎದ್ದು ನಡೆಯುತ್ತಾರೆ. ಹೊರಟ ಊರಿಗೆ ಹಿಂದಿರುಗುವುದಿಲ್ಲ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆ ಮರದ ವಿಷಯದಲ್ಲಿ ನಿಜವಿರಬಹುದು. ಮನುಷ್ಯ ಮೂವತ್ತೈದರಲ್ಲೂ ಹೊಸ ಭಾಷೆ ಕಲಿಯುತ್ತಾನೆ, ಹೊಸ ಕಸುಬು ಹಿಡಿಯುತ್ತಾನೆ. ಗಡಿನಾಡಿನ ನಾವೇ ಅದಕ್ಕೆ ಸಾಕ್ಷಿ.

ಮನೆಯವರಿಗೂ ಒಂದು ಮಾತು. ಮೊಬೈಲ್ ಕಿತ್ತುಕೊಳ್ಳುವುದು, ನಾಲ್ಕು ಜನರ ಮುಂದೆ ಹಂಗಿಸುವುದು, 'ಮಗನಿಗಿಂತ ಕಡೆಯಾದಿರಲ್ಲ' ಎನ್ನುವುದು ದೊಡ್ಡವರ ವಿಷಯದಲ್ಲಿ ಸಾಮಾನ್ಯವಾಗಿ ಫಲ ಕೊಡುವುದಿಲ್ಲ. ಅವಮಾನವಾದವರು ಮತ್ತೆ ಅವಮಾನವಿಲ್ಲದ ಜಾಗಕ್ಕೇ ಹೋಗುತ್ತಾರೆ. ಆ ಜಾಗ ಆಟವೇ. ಅದರ ಬದಲು ಕಂಡದ್ದನ್ನು ಕಂಡಷ್ಟೇ ಹೇಳಬಹುದು. 'ರೀ, ಈ ವಾರ ಮೂರು ರಾತ್ರಿ ಒಂದು ಗಂಟೆಯಾಯಿತು ನೀವು ಮಲಗಿದಾಗ. ಬೆಳಿಗ್ಗೆ ಗಾಡಿ ಓಡಿಸುತ್ತೀರಿ, ನನಗೆ ಭಯವಾಗುತ್ತದೆ.' ಈ ಮಾತಿನಲ್ಲಿ ಬೈಗುಳವಿಲ್ಲ, ಲೆಕ್ಕವಿದೆ, ಅಕ್ಕರೆಯಿದೆ. ಬಿಟ್ಟವರು ಮೊದಲ ವಾರ ಸಿಡುಕಿದರೆ ತಾಳ್ಮೆಯೂ ಬೇಕು.

ಹಣ ಕಟ್ಟಿ ಆಡುವ ಆಟಗಳ ವಿಷಯ ಬೇರೆ. ರಮ್ಮಿ, ಪಂದ್ಯದ ಮೇಲಿನ ಬಾಜಿ ಇವು ಹೊತ್ತಿನ ಜೊತೆ ಮನೆಯನ್ನೂ ತಿನ್ನಬಲ್ಲವು. ಗಡಿಯ ಈಚೆ ಒಂದು ಕಾನೂನು, ಆಚೆ ಒಂದು ಕಾನೂನು ಎಂಬ ಸ್ಥಿತಿ ಬಹುಕಾಲ ಇತ್ತು. ತೆಲಂಗಾಣ 2017ರಲ್ಲಿ, ಆಂಧ್ರ ಪ್ರದೇಶ 2020ರಲ್ಲಿ, ತಮಿಳುನಾಡು 2022ರಲ್ಲಿ ತಂತಮ್ಮ ಕಾನೂನು ಮಾಡಿದವು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಒಂದು ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದು, ಜಾಹೀರಾತು ಮಾಡುವುದು, ಅವಕ್ಕೆ ಹಣ ಸಾಗಿಸುವುದು ಈ ಕಾಯ್ದೆಯಲ್ಲಿ ಅಪರಾಧ. ಆಡಿ ಕಳೆದುಕೊಂಡವರನ್ನು ಅದು ಶಿಕ್ಷಿಸುವುದಿಲ್ಲ. ಆದ್ದರಿಂದ ಸೋತವರು ಹೆದರಿ ಮುಚ್ಚಿಡಬೇಕಾಗಿಲ್ಲ. ಸಾಲವಾಗಿದ್ದರೆ ಮೊದಲು ಮನೆಯಲ್ಲಿ ಒಬ್ಬರಿಗಾದರೂ ಪೂರ್ತಿ ಮೊತ್ತ ಹೇಳಿ. ಸೋತದ್ದನ್ನು ಗೆದ್ದು ತೀರಿಸುತ್ತೇನೆ ಎಂಬ ಯೋಚನೆಯೇ ಆ ಸಾಲವನ್ನು ಬೆಳೆಸುವ ಬೀಜ.

ತಾನಾಗಿ ಬಿಡಲು ಆಗದಿದ್ದರೆ, ನಿದ್ದೆ ಇಲ್ಲದೆ ಬದುಕು ಬೇಡ ಅನ್ನಿಸುವಷ್ಟು ಮನಸ್ಸು ಕುಗ್ಗಿದ್ದರೆ, ಸಹಾಯ ಕೇಳುವುದರಲ್ಲಿ ನಾಚಿಕೆಯಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೊಬೈಲ್, ಇಂಟರ್‌ನೆಟ್, ಆಟಗಳ ಅತಿಬಳಕೆಗೆಂದೇ 'ಷಟ್' ಎಂಬ ವಿಶೇಷ ಕ್ಲಿನಿಕ್ 2014ರಲ್ಲಿ ಆರಂಭವಾಯಿತು. ಅಷ್ಟು ದೂರ ಹೋಗಲಾಗದವರಿಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ-ಮಾನಸ್' ಇದೆ. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಯಬಹುದು, ಹಣ ಕೊಡಬೇಕಾಗಿಲ್ಲ. ಕರೆ ಮಾಡಿದಾಗ ಭಾಷೆ ಆರಿಸಿಕೊಳ್ಳುವ ಅವಕಾಶವಿದೆ. ಅದರಲ್ಲಿ ಕನ್ನಡವೂ ಒಂದು. ಕಚೇರಿಯ ಅರ್ಜಿಯನ್ನು ನಾವು ರಾಜ್ಯದ ಭಾಷೆಯಲ್ಲಿ ಬರೆಯಬಲ್ಲೆವು, ಸಂತೆಯಲ್ಲಿ ನೆರೆಯವರ ಭಾಷೆಯಲ್ಲಿ ಚೌಕಾಸಿ ಮಾಡಬಲ್ಲೆವು. ಮನಸ್ಸಿನ ನೋವು ಹೇಳುವಾಗ ಮಾತ್ರ ತಾಯಿ ಕಲಿಸಿದ ಮಾತೇ ಮೊದಲು ಬರುತ್ತದೆ. ಆ ಮಾತಿನಲ್ಲೇ ಹೇಳಿ.

ಕೇಳುಗ ಬಂಧುಗಳೇ, ಬಿಟ್ಟವರಿಗೆ ಕೊನೆಗೆ ಸಿಗುವುದೇನು ಎಂದು ಕೇಳಬಹುದು. ಪದಕವಿಲ್ಲ, ಪರದೆಯ ಮೇಲೆ ಹೊಳೆಯುವ ಅಕ್ಷರಗಳಿಲ್ಲ. ರಾತ್ರಿ ಹತ್ತೂವರೆಗೆ ಬರುವ ನಿದ್ದೆ ಇದೆ. ಮಾತನಾಡುವವರ ಮುಖ ನೋಡಿ ಕೇಳುವ ಕಿವಿ ಇದೆ. ಮಗುವಿಗೆ 'ಮೊಬೈಲ್ ಇಡು' ಎಂದಾಗ ಆ ಮಾತಿಗೆ ಒಂದು ತೂಕ ಇದೆ. ಮತ್ತೆ ವರ್ಷಕ್ಕೆ 730 ಗಂಟೆ ಇದೆ. ಅದನ್ನು ಏನು ಮಾಡಬೇಕು ಎಂಬುದು ಅವರವರಿಗೆ ಬಿಟ್ಟದ್ದು.